ಇಸ್ತ್ರಿ ಕಾಣದ ಚಾದರಗಳು

ರೋಲರ್ ಇಸ್ತ್ರಿಗೆ ಚಾದರ ಕೊಡಲು ಇಬ್ಬರು ಬೇಕು. ಒಬ್ಬಳು ಈ ಮೂಲೆ ಹಿಡಿಯಬೇಕು, ಇನ್ನೊಬ್ಬಳು ಆ ಮೂಲೆ. ಇಬ್ಬರೂ ಒಟ್ಟಿಗೆ ಎಳೆದು, ಬಿಗಿ ಮಾಡಿ, ಅಂಚನ್ನು ಬಿಸಿ ಉರುಳೆಯ ಬಾಯಿಗೆ ಕೊಟ್ಟು, ತಕ್ಷಣ ಕೈ ಹಿಂದಕ್ಕೆ ತೆಗೆಯಬೇಕು. ಆ ಲಾಂಡ್ರಿಯಲ್ಲಿ ಈ ಕೆಲಸ ಅಕ್ಕತಂಗಿಯರಿಬ್ಬರದು. ಅಕ್ಕನಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಎಲ್ಲರೂ ಅವಳನ್ನು ಸಿಡುಕಿ ಎಂದೇ ಕರೆಯುತ್ತಿದ್ದರು. ತಂಗಿ ಮಾತಿಗಿಂತ ಮೊದಲು ನಗುವವಳು.

ಅಂದು ತಂಗಿ ಕೈ ಹಿಂದಕ್ಕೆ ತೆಗೆಯಲಿಲ್ಲ. ತೆಗೆಯಲಾಗಲಿಲ್ಲ. ಚಾದರದ ಅಂಚಿನ ಹೊಲಿಗೆ ಬಿಚ್ಚಿತ್ತು. ದಾರ ಬೆರಳಿಗೆ ಸುತ್ತಿಕೊಂಡಿತ್ತು. ಸಿಡುಕಿ ಕಿರುಚಿದಳು. ಯಂತ್ರಕ್ಕೆ ಕಿವಿಯಿಲ್ಲ. ನಿಲ್ಲಿಸುವ ಕೆಂಪು ಗುಂಡಿ ಇದ್ದದ್ದು ಹಾಲಿನ ಆ ತುದಿಯ ಗೋಡೆಯಲ್ಲಿ. ಅವಳು ಓಡಿ ಹೋಗಿ ಒತ್ತುವಷ್ಟರಲ್ಲಿ ತಂಗಿಯ ಬಲಗೈಯ ಮೂರು ಬೆರಳು ಹೋಗಿದ್ದವು.

ಆ ಯಂತ್ರ ಹೊಸದಾಗಿ ಬಂದಾಗ ಅದರ ಬಾಯಿಗೆ ಅಡ್ಡಲಾಗಿ ಒಂದು ತಡೆಸರಳು ಇತ್ತು. ಕೈ ಅದಕ್ಕೆ ತಗುಲಿದರೆ ಸಾಕು, ರೋಲರ್ ನಿಂತುಬಿಡುತ್ತಿತ್ತು. ದಪ್ಪ ಬಟ್ಟೆ ತಗುಲಿದರೂ ನಿಲ್ಲುತ್ತಿತ್ತು. ಹೀಗೆ ಮಾತುಮಾತಿಗೆ ನಿಂತರೆ ಕೆಲಸ ಸಾಗುವುದು ಯಾವಾಗ ಎಂದು ಮಾಲೀಕ ಅದನ್ನು ಬಿಚ್ಚಿಸಿದ. ಬಿಚ್ಚಿದ ಸರಳು ವ್ಯರ್ಥವಾಗಲಿಲ್ಲ. ಸೂಪರ್‌ವೈಸರ್ ಅದನ್ನು ತನ್ನ ಕೋಣೆಯ ಕಿಟಕಿಗೆ ಅಡ್ಡ ಕಟ್ಟಿಕೊಂಡು ಅದರ ಮೇಲೆ ಕೋಟು ನೇತುಹಾಕಿದ. ಅಂದಿನಿಂದ ಹೆಂಗಸರು ಅವನಿಗೆ ಕೋಟು ಎಂದೇ ಹೆಸರಿಟ್ಟರು. ಹೋಗುತ್ತಾ ಬರುತ್ತಾ ಆ ಕೋಟು ನೋಡಿ ನಗುತ್ತಿದ್ದರು. ನಗುವ ವಿಷಯ ಅದಾಗಿರಲಿಲ್ಲ.

ಮಾಲೀಕ ಆಸ್ಪತ್ರೆಗೆ ಒಂದು ಚೀಲ ಕಿತ್ತಳೆ ಕಳಿಸಿದ. ಜೊತೆಗೆ ಒಂದು ಮಾತನ್ನೂ ಕಳಿಸಿದ: "ಹರಟೆ ಹೊಡೀತಾ ಕೆಲಸ ಮಾಡಿದ್ರೆ ಹೀಗೇ ಆಗೋದು."

ಕಿತ್ತಳೆ ಸುಲಿಯಲು ಎರಡು ಕೈ ಬೇಕು.

ತಂಗಿ ಆಸ್ಪತ್ರೆಯಿಂದ ಅಕ್ಕನ ಮನೆಗೇ ಬಂದಳು. ಸಿಡುಕಿ ಅವಳಿಗೆ ತುತ್ತು ಮಾಡಿ ತಿನ್ನಿಸುತ್ತಿದ್ದಳು. ಸಿಡುಕಿಯ ಗಂಡ ಅದೇ ಲಾಂಡ್ರಿಯ ವ್ಯಾನ್ ಓಡಿಸಿ ಆಸ್ಪತ್ರೆಗೂ ಹೋಟೆಲಿಗೂ ಬಟ್ಟೆ ಮುಟ್ಟಿಸುವವನು. ಬಾಗಿಲ ಬಳಿ ಕೂತು ಬೂಟು ಬಿಚ್ಚುತ್ತಿದ್ದ.

"ಆಗಿದ್ದು ಆಗಿಹೋಯ್ತು," ಎಂದ. "ಇನ್ನೊಂದು ಕೈ ಇದೆಯಲ್ಲ. ಮಡಚೋ ಕೆಲಸಕ್ಕೆ ಹಾಕಿ ಅಂತ ನಾನೇ ಕೇಳ್ತೀನಿ."

"ಏನಂದ್ರಿ? ಇನ್ನೊಮ್ಮೆ ಹೇಳಿ!"

"ಸಿಟ್ಟು ಮಾಡ್ಕೋಬೇಡ ಕಣೇ. ದೊಡ್ಡವರ ಜೊತೆ ಗುದ್ದಾಡೋಕೆ ನಮಗೆ ತಾಕತ್ತಿದೆಯಾ? ಇಬ್ಬರೂ ಅಲ್ಲೇ ದುಡಿಯೋರು."

"ನಾಳೆ ಆ ಯಂತ್ರದ ಬಾಯಿಗೆ ಕೈ ಕೊಡೋಳು ನಾನು. ನೀವಲ್ಲ. ನೀವು ಸ್ಟಿಯರಿಂಗ್ ಹಿಡ್ಕೊಂಡು ಹಾಡು ಕೇಳ್ತಾ ಹೋಗ್ತೀರಿ."

"ಭಾವನ್ನ ಬೈಬೇಡ ಅಕ್ಕಾ," ಎಂದಳು ತಂಗಿ. ಅವಳು ನಗಲಿಲ್ಲ. ಸಿಡುಕಿಗೆ ಅದೇ ತಡೆಯಲಾಗಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ಸಿಡುಕಿ ಬಟ್ಟೆಗಂಟಿನ ಮೇಲೆ ಹತ್ತಿ ನಿಂತಳು. "ಸರಳು ಮತ್ತೆ ಹಾಕೋವರೆಗೂ ಯಾರೂ ಒಳಗೆ ಬರೋದು ಬೇಡ. ನಾಳೆಯಿಂದ ಕೆಲಸ ಬಂದ್!" ಎಂದಳು. ಎಲ್ಲರೂ ಹೂಂ ಎಂದರು. ಅಂದು ಆ ಬೆರಳುಗಳನ್ನು ಎಲ್ಲರೂ ನೋಡಿದ್ದರು.

ಆದರೆ ಸಂಜೆ ಒಂದು ಸಮಸ್ಯೆ ಬಂತು. ತೊಟ್ಟಿಗಳಲ್ಲಿ ಒಗೆದ ಬಟ್ಟೆ ಹಾಗೇ ಇತ್ತು.

"ಒದ್ದೆ ಬಟ್ಟೆ ಬಿಟ್ಟು ಹೋಗೋಕಾಗತ್ತೇನ್ರೇ?" ಎಂದಳು ಗಂಜಿ ಹಾಕುವ ಮುದುಕಿ. "ಮುಗ್ಗಲು ಹಿಡಿಯತ್ತೆ. ನಮ್ಮ ಕೈಯಲ್ಲಿ ಚಾದರ ಹಾಳಾಯ್ತು ಅನ್ನೋ ಮಾತು ಬೇಡ."

ನಿಜ. ಒದ್ದೆ ಬಟ್ಟೆ ಬಿಟ್ಟು ಮನೆಗೆ ಹೋದವಳು ಆ ಲಾಂಡ್ರಿಯಲ್ಲಿ ಯಾರೂ ಇರಲಿಲ್ಲ. ಅದು ಅವರ ಕಸುಬಿನ ಮಾನ. ಎಲ್ಲರೂ ತೋಳೇರಿಸಿದರು. ಬಂದಿದ್ದ ಕೊಳೆ ಬಟ್ಟೆಯನ್ನೂ ಯಾಕೆ ಉಳಿಸಬೇಕು ಎಂದು ಅದನ್ನೂ ಒಗೆದರು. ಸಿಡುಕಿಯೇ ರೋಲರ್ ಮುಂದೆ ನಿಂತಳು. ಇಸ್ತ್ರಿ ಮಾಡಿ, ಮಡಚಿ, ಕಪಾಟುಗಳನ್ನು ಸೂರಿನವರೆಗೂ ತುಂಬಿಸಿ, ನೆಲ ಗುಡಿಸಿ, ದೀಪ ಆರಿಸಿ ಹೊರಬಂದರು. ಮರುದಿನ ಬೆಳಿಗ್ಗೆ ಗೇಟಿನ ಮುಂದೆ ಕೂತು ಘೋಷಣೆ ಕೂಗಿದರು.

ಮಾಲೀಕ ಬಂದ. ಕಾರಿನ ಗಾಜು ಇಳಿಸಿ, "ಬಿಸಿಲಿದೆ, ನೆರಳಲ್ಲಿ ಕೂತ್ಕೊಳ್ಳಿ" ಎಂದು ಒಳಗೆ ಹೋದ.

ಸಿಡುಕಿಯ ಗಂಡ ವ್ಯಾನ್ ತುಂಬಿಸಿಕೊಂಡು ಹೊರಬಂದ. ಹೆಂಡತಿಯ ಕಣ್ಣು ತಪ್ಪಿಸಿ ಹೋದ. ಮರುದಿನವೂ ಹೋದ. ಅದರ ಮರುದಿನವೂ ಹೋದ. ಮಾಲೀಕನ ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. ಗೇಟಿನ ಮುಂದೆ ಕೂತವರ ಗಂಟಲು ಬಿತ್ತು. ಸಂಖ್ಯೆಯೂ ಕರಗತೊಡಗಿತು. ಒಬ್ಬಳ ಮಗುವಿಗೆ ಜ್ವರ, ಒಬ್ಬಳ ಅತ್ತೆಯ ಕಿರಿಕಿರಿ.

ಸಿಡುಕಿಯ ಸಿಟ್ಟು ನೆತ್ತಿಗೇರಿತು. "ನಾವಿಲ್ಲಿ ಗೊಂಬೆಗಳ ಹಾಗೆ ಕೂತ್ರೆ ಯಾರಿಗೇನು? ಎದ್ದೇಳಿ! ರಸ್ತೆಗಿಳೀರಿ!"

ಹಳೆ ಬಟ್ಟೆಬಂಡಿಗಳನ್ನು ತಂದು ರಸ್ತೆಗೆ ಅಡ್ಡ ನಿಲ್ಲಿಸಿದರು. ಕ್ಷಣಮಾತ್ರದಲ್ಲಿ ಆ ಕಡೆ ಈ ಕಡೆ ವಾಹನಗಳ ಸಾಲು. ಮೊದಲು ಸಿಕ್ಕಿಬಿದ್ದದ್ದು ಬಸ್ಸು. ಅದರೊಳಗೆ ಕೆಲಸ ಮುಗಿಸಿ ಮನೆಗೆ ಹೊರಟವರು, ಔಷಧಿ ಚೀಟಿ ಹಿಡಿದ ಮುದುಕರು.

"ನಿಮಗೆ ಬೇರೆ ಕೆಲಸ ಇಲ್ವೇನ್ರಮ್ಮಾ?" ಎಂದು ಒಬ್ಬ ಕಿಟಕಿಯಿಂದ ಕೂಗಿದ.

"ಇತ್ತು ಕಣಯ್ಯಾ! ಆ ಕೆಲಸ ಬೆರಳು ತಿಂತು!"

"ಅದಕ್ಕೆ ನಮ್ಮ ಜೀವ ಯಾಕೆ ತಿಂತೀರಿ? ನಾವೇನು ತಿಂದ್ವಾ ಬೆರಳನ್ನ?"

ಆ ಬಸ್ಸಿನ ಕಂಡಕ್ಟರ್ ಇಳಿದು ಬಂದಳು. ಅವಳು ಸಿಡುಕಿಯ ಪಕ್ಕದ ಮನೆಯವಳೇ. ಟಿಕೆಟಿನ ಚೀಲ ತೋಳಿಗೆ ಸಿಕ್ಕಿಸಿಕೊಂಡು ಬಂಡಿಗಳನ್ನು ನೋಡಿದಳು, ಗೇಟಿನೊಳಗೆ ಇಣುಕಿದಳು. ಮಾಲೀಕ ಮಹಡಿಯ ಕಿಟಕಿಯಲ್ಲಿ ನಿಂತು ಚಹಾ ಕುಡಿಯುತ್ತಿದ್ದ. ಈ ರಸ್ತೆ ಮುಚ್ಚಿದರೂ ಅವನಿಗೆ ಹಿಂದಿನ ಗೇಟು ಇತ್ತು. ಪೊಲೀಸರು ಬಂದು ಬಂಡಿಗಳನ್ನು ಪಕ್ಕಕ್ಕೆ ನೂಕಿಸಿದರು. ಪೊಲೀಸರಿಗೆ ಚಪ್ಪಾಳೆ ತಟ್ಟಿದವರು ಬಸ್ಸಿನ ಜನ. ಅದು ಸಿಡುಕಿಯ ಎದೆಗೆ ನಾಟಿತು.

ಸಂಜೆ ಕಂಡಕ್ಟರ್ ಸಿಡುಕಿಯ ಅಡುಗೆಮನೆಗೆ ಬಂದು ಸ್ಟೂಲ್ ಎಳೆದುಕೊಂಡು ಕೂತಳು.

"ಬೈಯೋಕೆ ಬಂದ್ಯಾ ಅಕ್ಕಾ?" ಎಂದಳು ಸಿಡುಕಿ.

"ಬೈಯೋಕಲ್ಲ. ಒಂದು ಮಾತು ಕೇಳೋಕೆ. ನೀವು ಕೆಲಸ ನಿಲ್ಲಿಸಿದ್ರಿ ಸರಿ. ನಿನ್ನ ಗಂಡ ಇಷ್ಟು ದಿನ ವ್ಯಾನಲ್ಲಿ ಹಾಕ್ಕೊಂಡು ಹೋಗಿದ್ದು ಯಾರು ಒಗೆದ ಬಟ್ಟೆ?"

ಸಿಡುಕಿಯ ಕಣ್ಣ ಮುಂದೆ ಸೂರು ಮುಟ್ಟುವ ಕಪಾಟುಗಳು ಬಂದವು. ಕೈಲಿದ್ದ ಪಾತ್ರೆಯನ್ನು ನೆಲಕ್ಕೆ ಕುಕ್ಕಿದಳು.

"ನಾವೇ! ನಾವೇ ಒಗೆದು ಕೊಟ್ವಿ! ನಮ್ಮ ಮುಷ್ಕರ ಗೆಲ್ಲದಿರೋ ಹಾಗೆ ನಾವೇ ಒಗೆದು, ಇಸ್ತ್ರಿ ಮಾಡಿ, ಮಡಚಿ ಕೊಟ್ಟು ಬಂದ್ವಿ!"

"ನೆಲ ಬೇರೆ ಗುಡಿಸಿದ್ರಂತೆ," ಎಂದ ಗಂಡ ಬಾಗಿಲಿಂದ.

"ನೀವು ಬಾಯಿ ಮುಚ್ಚಿ!"

ಮೂಲೆಯಲ್ಲಿ ಕೂತಿದ್ದ ತಂಗಿ ಎಷ್ಟೋ ದಿನದ ಮೇಲೆ ನಕ್ಕಳು. ನಗು ಅಳುವಾಗುವ ಮೊದಲು ನಿಲ್ಲಿಸಿದಳು.

ಕಂಡಕ್ಟರ್ ಹೇಳಿದಳು: "ನಾವೂ ಹೀಗೇ ಮಾಡಿದ್ವಿ. ಡಿಪೋದಲ್ಲಿ ಮೊದಲ ಸಲ ಬಸ್ ನಿಲ್ಲಿಸಿದ್ವಿ. ಜನ ನಡೆದು ಹೋದ್ರು, ನಮಗೆ ಹಿಡಿಶಾಪ ಹಾಕಿದ್ರು. ಮೇಲಿನವರು ಕಾರಲ್ಲಿ ಓಡಾಡಿದ್ರು. ಎಮ್ಮೆಗೆ ಜ್ವರ ಬಂದ್ರೆ ಎತ್ತಿಗೆ ಬರೆ ಎಳೆದ ಹಾಗಾಯ್ತು. ಎರಡನೇ ಸಲ ಬಸ್ ಓಡಿಸಿದ್ವಿ, ಟಿಕೆಟ್ ಮಾತ್ರ ಹರೀಲಿಲ್ಲ. ಜನ ನಮ್ಮ ಕಡೆ ಬಂದ್ರು. ಮೇಲಿನವರು ಸಂಜೆಯೊಳಗೆ ಮಾತಿಗೆ ಕರೆದ್ರು."

"ನಮ್ಮಲ್ಲಿ ಟಿಕೆಟ್ ಎಲ್ಲಿದೆ ಅಕ್ಕಾ? ನನಗೆ ಅವನ ಗಾಜಿಗೆ ಕಲ್ಲು ಹೊಡೆದು ಬರಬೇಕು ಅನ್ಸತ್ತೆ."

"ಹೊಡಿ. ಗಾಜು ಒಡೆಯತ್ತೆ. ನಾಳೆ ಎಲ್ಲರೂ ಗಾಜಿನ ಮಾತಾಡ್ತಾರೆ, ಬೆರಳಿನ ಮಾತು ಯಾರೂ ಆಡಲ್ಲ. ಮೂಗು ಹಿಡಿದ್ರೆ ಬಾಯಿ ತಾನೇ ತೆರೆಯತ್ತೆ ಅಂತಾರಲ್ಲ? ನೀವು ಇಷ್ಟು ದಿನ ಅವನ ಮೂಗು ಬಿಟ್ಟು ಊರವರ ಮೂಗು ಹಿಡಿದ್ರಿ. ಅವನ ಮೂಗು ಎಲ್ಲಿದೆ ಹೇಳು."

"ಆಸ್ಪತ್ರೆ ಬಟ್ಟೆ. ಅದು ನಿಂತ್ರೆ ಗೊತ್ತಾಗತ್ತೆ ಅವನಿಗೆ."

"ಗೊತ್ತಾಗೋದು ರೋಗಿಗಳಿಗೆ," ಎಂದ ಗಂಡ. ಎಲ್ಲರೂ ತಿರುಗಿದರು. ಅವನು ಬೂಟಿನ ದಾರ ನೋಡುತ್ತಾ ಹೇಳಿದ. "ಆಸ್ಪತ್ರೆಯವರು ಒಂದು ದಿನ ತಡ ಆದ್ರೂ ಮಾತಾಡಲ್ಲ. ಹೋಟೆಲಿನವನು ಹಾಗಲ್ಲ. ಒಂದು ಸುಕ್ಕು ಕಂಡ್ರೆ ಕಟ್ಟು ಪೂರ್ತಿ ವಾಪಸ್ ಎಸೀತಾನೆ. ಅವನ ಫೋನ್ ಬಂದ್ರೆ ನಮ್ಮ ಧಣಿ ಎದ್ದು ನಿಂತು ಮಾತಾಡ್ತಾನೆ. ನಾನೇ ನೋಡಿದೀನಿ."

ಕಂಡಕ್ಟರ್ ತೊಡೆ ತಟ್ಟಿದಳು. "ಅಗೋ ಮೂಗು!"

ಸಿಡುಕಿ ನಿಧಾನವಾಗಿ ಹೇಳಿದಳು: "ರೋಗಿಗೆ ಚಾದರ ಶುಚಿಯಾಗಿರಬೇಕು. ಸುಕ್ಕಿದ್ರೆ ಏನೂ ಆಗಲ್ಲ. ಇಸ್ತ್ರಿ ಬೇಕಾಗಿರೋದು ಹೋಟೆಲಿಗೆ. ನಾವು ಒಗೀತೀವಿ. ಒಣಗಿಸ್ತೀವಿ. ಮಡಚ್ತೀವಿ. ರೋಲರ್ ಮುಂದೆ ಮಾತ್ರ ಯಾರೂ ನಿಲ್ಲಲ್ಲ."

"ಕೇಳಿದ್ರೆ?"

"ಸರಳು ಹಾಕಿ, ನಿಲ್ತೀವಿ ಅಂತೀವಿ. ಅಷ್ಟೇ. ಇನ್ನೊಂದು ಮಾತು ಆಡಲ್ಲ."

"ಎಲ್ಲರನ್ನೂ ಕೇಳು," ಎಂದಳು ಕಂಡಕ್ಟರ್. "ಆ ಗಂಜಿ ಮುದುಕಿಯನ್ನೂ ಕೇಳು. ಕೆಲಸದ ಒಳಹೊರಗು ಗೊತ್ತಿರೋದು ನಿಮಗೇ ಹೊರತು ನನಗಲ್ಲ. ಇನ್ನೊಂದು ಮಾತು. ಅವನೂ ಸುಮ್ಮನೆ ಕೂರಲ್ಲ. ಅವನು ಹೆಜ್ಜೆ ಬದಲಿಸಿದ್ರೆ ನೀವೂ ಬದಲಿಸಿ. ಏನು ಬೇಕು ಅನ್ನೋದನ್ನ ಮಾತ್ರ ಬದಲಿಸಬೇಡಿ."

ಹೆಂಗಸರು ಕೆಲಸಕ್ಕೆ ಮರಳಿದರು. ಕೋಟು ಮೀಸೆಯಲ್ಲೇ ನಕ್ಕ. "ಹಸಿವಾಯ್ತಾ?" ಎಂದ. ತೊಟ್ಟಿಗಳು ತುಂಬಿದವು, ಬಟ್ಟೆ ಬೆಳ್ಳಗಾಯಿತು, ಒಣಗಿತು. ಮಧ್ಯಾಹ್ನದ ಹೊತ್ತಿಗೆ ಸೂಪರ್‌ವೈಸರನ ನಗು ಮಾಯವಾಯಿತು. ರೋಲರ್ ಖಾಲಿ ತಿರುಗುತ್ತಿತ್ತು. ಅದರ ಮುಂದೆ ಒಂದು ನರಪಿಳ್ಳೆಯೂ ಇರಲಿಲ್ಲ.

"ಏಯ್, ಇಸ್ತ್ರಿಗೆ ಯಾರು?"

"ಸರಳು ಹಾಕಿ, ನಿಲ್ತೀವಿ," ಎಂದಳು ಗಂಜಿ ಮುದುಕಿ.

"ಯಾರೇ ನಿನಗೆ ಇದನ್ನ ಹೇಳಿಕೊಟ್ಟಿದ್ದು?"

"ಸರಳು ಹಾಕಿ, ನಿಲ್ತೀವಿ," ಎಂದಳು ಅವಳ ಪಕ್ಕದವಳು. ಅವಳ ಪಕ್ಕದವಳೂ ಅದನ್ನೇ ಹೇಳಿದಳು.

ಆಸ್ಪತ್ರೆಯ ಚಾದರಗಳು ಶುಚಿಯಾಗಿ ಹೋದವು. ಸುಕ್ಕಿನ ಬಗ್ಗೆ ಯಾವ ರೋಗಿಯೂ ದೂರಲಿಲ್ಲ. ಹೋಟೆಲಿನ ಚಾದರಗಳೂ ಶುಚಿಯಾಗಿಯೇ ಹೋದವು. ಹೋದ ವ್ಯಾನಿನಲ್ಲೇ ವಾಪಸ್ ಬಂದವು. ಮಹಡಿಯಲ್ಲಿ ಫೋನು ಬಡಿದುಕೊಳ್ಳತೊಡಗಿತು. ಮಾಲೀಕ ಎದ್ದು ನಿಂತು ಮಾತಾಡುವುದು ಕೆಳಗಿನಿಂದಲೇ ಕಾಣುತ್ತಿತ್ತು.

ಅವನೂ ಸುಮ್ಮನೆ ಕೂರಲಿಲ್ಲ. ಒಂದು ಬೆಳಿಗ್ಗೆ ಕೋಟು ಇಬ್ಬರು ಹೊಸ ಹುಡುಗಿಯರನ್ನು ಕರೆತಂದು ರೋಲರ್ ಮುಂದೆ ನಿಲ್ಲಿಸಿದ. ತಂಗಿಯಷ್ಟೇ ವಯಸ್ಸು. ಒಬ್ಬಳ ಅಂಗಿಯ ತೋಳು ಅಂಗೈಯವರೆಗೂ ಇಳಿಬಿದ್ದಿತ್ತು. ರೋಲರ್ ಮುಂದೆ ತೋಳು ಮಡಚಬೇಕು ಎಂಬುದನ್ನೂ ಅವಳಿಗೆ ಯಾರೂ ಹೇಳಿರಲಿಲ್ಲ.

ಸಿಡುಕಿಯ ಕಣ್ಣು ಕೆಂಪಾಯಿತು. "ನಮ್ಮ ಹೊಟ್ಟೆ ಮೇಲೆ ಹೊಡೆಯೋಕೆ ಬಂದ್ರಾ? ನಾಚಿಕೆ ಆಗಲ್ವಾ?" ಎಂದು ಹುಡುಗಿಯ ರಟ್ಟೆ ಹಿಡಿದಳು. ಇನ್ನೊಂದು ಕೈ ಮೇಲೆದ್ದಿತ್ತು. ಹುಡುಗಿ ಮುಖ ಮುಚ್ಚಿಕೊಂಡಳು.

ಕೋಟು ಸ್ವಲ್ಪ ದೂರ ನಿಂತು ನೋಡುತ್ತಿದ್ದ. ತಡೆಯಲು ಬರಲಿಲ್ಲ. ಅವನ ಮುಖದಲ್ಲಿ ಮತ್ತೆ ಆ ನಗು. ಒಂದು ಏಟು ಬೀಳಲಿ ಎಂದೇ ಅವನು ಕಾಯುತ್ತಿದ್ದ. ಸಿಡುಕಿಗೆ ಅದು ಕಂಡಿತು. ಮೇಲೆದ್ದ ಕೈ ಇಳಿಸಿದಳು. ಸಿಟ್ಟು ಇಳಿಯಲಿಲ್ಲ, ಕೈ ಇಳಿಯಿತು. ಆ ದಿನ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದು.

ಮಧ್ಯಾಹ್ನ ಅವಳು ಮನೆಗೆ ಓಡಿ ತಂಗಿಯನ್ನು ಕರೆದಳು. "ನಿನ್ನ ಕೈ ತೋರಿಸ್ತೀಯಾ?"

ತಂಗಿ ಆ ಕೈಯನ್ನು ಅದುವರೆಗೆ ಯಾರಿಗೂ ತೋರಿಸಿರಲಿಲ್ಲ. ಕನ್ನಡಿಗೂ ತೋರಿಸಿರಲಿಲ್ಲ. ಎದ್ದು ಚಪ್ಪಲಿ ಹಾಕಿಕೊಂಡಳು.

ಊಟದ ಬಿಡುವಿನಲ್ಲಿ ಹೊಸ ಹುಡುಗಿಯರು ಗೇಟಿನ ಹೊರಗೆ ನಲ್ಲಿಯ ಬಳಿ ಕೂತಿದ್ದರು. ತಂಗಿ ಅವರ ಪಕ್ಕ ಕೂತಳು. ಬ್ಯಾಂಡೇಜು ಬಿಚ್ಚಿದಳು.

"ಮೊದಲು ತೋಳು ಮಡಚ್ಕೊಳ್ಳಿ," ಎಂದಳು. "ಅಂಚಲ್ಲಿ ದಾರ ಬಿಚ್ಚಿದ್ರೆ ಆ ಚಾದರ ಕೊಡಬೇಡಿ. ನಾನು ಕೊಟ್ಟೆ. ಕೆಂಪು ಗುಂಡಿ ದೂರ ಇದೆ, ಓಡಿ ಹೋದ್ರೂ ಸಿಗಲ್ಲ. ನಮ್ಮಕ್ಕ ಓಡಿದ್ಲು."

ತೋಳು ಇಳಿಬಿಟ್ಟಿದ್ದ ಹುಡುಗಿ ಆ ಕೈಯನ್ನೇ ನೋಡಿದಳು. "ನಮಗೆ ಇದನ್ನ ಹೇಳಲೇ ಇಲ್ಲ," ಎಂದಳು. "ಹೆಂಗಸರು ಸೋಮಾರಿಗಳು, ಕೆಲಸ ಮಾಡಲ್ಲ ಅಂದ್ರು."

"ಸರಳು ಎಲ್ಲಿದೆ ಗೊತ್ತಾ? ಅವನ ಕಿಟಕಿ ನೋಡಿ. ಕೋಟಿನ ಕೆಳಗೆ."

ಹುಡುಗಿಯರು ತಿರುಗಿ ನೋಡಿದರು. ಬಿಡುವು ಮುಗಿದ ಮೇಲೆ ಇಬ್ಬರೂ ಒಳಗೆ ಬಂದರು. ರೋಲರ್ ದಾಟಿಕೊಂಡು ಮಡಚುವ ಮೇಜಿನ ಬಳಿ ಹೋಗಿ ನಿಂತರು. ಸಿಡುಕಿ ತುಸು ಸರಿದು ಜಾಗ ಕೊಟ್ಟಳು. "ರಟ್ಟೆ ನೋಯ್ತಾ?" ಎಂದಳು. ಕ್ಷಮೆ ಕೇಳುವುದು ಅವಳಿಗೆ ಅಷ್ಟೇ ಗೊತ್ತಿತ್ತು.

ಆ ಸಂಜೆ ಮಾಲೀಕ ಸಿಡುಕಿಯ ಗಂಡನನ್ನು ಮಹಡಿಗೆ ಕರೆದ. "ಹೋಟೆಲಿನವರು ಕೇಳಿದ್ರೆ ಕರೆಂಟ್ ಇಲ್ಲ, ಅದಕ್ಕೆ ಇಸ್ತ್ರಿ ಆಗಿಲ್ಲ ಅನ್ನು. ಎರಡು ದಿನ ತಳ್ಳು. ಈ ಹೆಂಗಸರು ಅಷ್ಟರಲ್ಲಿ ಸುಸ್ತಾಗ್ತಾರೆ."

ಗಂಡ ಆಗಲಿ ಎಂದು ತಲೆಯಾಡಿಸಿ ಬಂದ. ಅವನು ಹುಟ್ಟಿದಾಗಿನಿಂದ ತಲೆಯಾಡಿಸುತ್ತಲೇ ಬಂದವನು. ಹೋಟೆಲಿನ ಹಿಂಬಾಗಿಲಲ್ಲಿ ಅಲ್ಲಿನ ಉಸ್ತುವಾರಿಯವನು ಸುಕ್ಕಿನ ಚಾದರ ಎತ್ತಿ ಹಿಡಿದು, "ಏನಿದು? ಇದರ ಮೇಲೆ ಯಾರು ಮಲಗ್ತಾರೆ?" ಎಂದ.

ಗಂಡ ಬಾಯಿ ತೆರೆದ. ಕರೆಂಟ್ ಎಂಬ ಮಾತು ನಾಲಿಗೆಯ ಮೇಲೇ ಇತ್ತು. ಆ ಬೆಳಿಗ್ಗೆ ನಾದಿನಿ ಎಡಗೈಯಲ್ಲಿ ಗುಂಡಿ ಹಾಕಿಕೊಳ್ಳಲು ಹೆಣಗಿ ಹೆಣಗಿ, ಕೊನೆಗೆ ಅಂಗಿಯನ್ನು ಹಾಗೇ ಬಿಟ್ಟು ಕೂತಿದ್ದನ್ನು ಅವನು ನೋಡಿದ್ದ.

"ರೋಲರಿಗೆ ತಡೆಸರಳು ಇಲ್ಲ ಸಾರ್," ಎಂದ. "ಬೇಗ ಆಗ್ಲಿ ಅಂತ ಬಿಚ್ಚಿದಾರೆ. ನನ್ನ ನಾದಿನಿ ಬೆರಳು ಹೋಯ್ತು. ನಿಮ್ಮ ಚಾದರ ಕೊಡೋವಾಗಲೇ. ಅದಕ್ಕೆ ಯಾರೂ ಇಸ್ತ್ರಿ ಮಾಡ್ತಿಲ್ಲ."

ಉಸ್ತುವಾರಿಯವನು ಚಾದರವನ್ನು ತಟ್ಟನೆ ಕೆಳಗಿಟ್ಟ. ಅವನಿಗೆ ಬೆರಳಿನ ಮೇಲೆ ಕನಿಕರ ಬಂತೋ, ಹೋಟೆಲಿನ ಹೆಸರಿನ ಮೇಲೆ ಭಯ ಬಂತೋ, ಹೇಳಲಾಗದು. ಎರಡರಲ್ಲಿ ಯಾವುದಾದರೂ ಸರಿ. ಅವನು ಫೋನ್ ಎತ್ತಿಕೊಂಡ.

ಮನೆಗೆ ಬಂದು ಗಂಡ ನಡೆದದ್ದನ್ನು ಹೇಳಿದ. "ಕೆಲಸ ಹೋದ್ರೂ ಹೋಗಬಹುದು."

"ಇಷ್ಟೆಲ್ಲ ನೀವೇ ಹೇಳಿದ್ರಾ?" ಎಂದಳು ಸಿಡುಕಿ.

"ನಾನು ಹೋರಾಟ ಗೀರಾಟ ಮಾಡಿಲ್ಲಪ್ಪ. ಸುಳ್ಳು ಹೇಳಲಿಲ್ಲ, ಅಷ್ಟೇ."

"ಭಾವಾ," ಎಂದಳು ತಂಗಿ, "ಒಂದು ಕಿತ್ತಳೆ ಸುಲಿದು ಕೊಡಿ."

ಮರುದಿನ ಮಾಲೀಕ ಹಾಲಿಗೆ ಇಳಿದು ಬಂದ. ಜೊತೆಗೆ ಮೆಕ್ಯಾನಿಕ್. ಸುರಕ್ಷತೆಯೇ ತನಗೆ ಮುಖ್ಯ ಎಂದು ಮಾಲೀಕ ಎರಡು ಮಾತಾಡಿದ. ಯಾರೂ ಚಪ್ಪಾಳೆ ತಟ್ಟಲಿಲ್ಲ. ತಂಗಿಯ ಚಿಕಿತ್ಸೆಯ ಖರ್ಚು ಕೊಡುವುದಾಗಿ ಎಲ್ಲರ ಮುಂದೆ ಒಪ್ಪಿಕೊಂಡ. ಮೆಕ್ಯಾನಿಕ್ ಸೂಪರ್‌ವೈಸರನ ಕೋಣೆಗೆ ಹೋಗಿ, ಕೋಟನ್ನು ತೆಗೆದು ಅವನ ಕೈಗೆ ಕೊಟ್ಟು, ಕಿಟಕಿಯಿಂದ ಸರಳು ಬಿಚ್ಚಿದ. ಕೋಟು ಹಿಡಿದುಕೊಂಡು ಎಲ್ಲಿ ಇಡಬೇಕೆಂದು ತಿಳಿಯದೆ ಆ ಮನುಷ್ಯ ನಿಂತೇ ಇದ್ದ.

ಸರಳು ಕೂರಿಸಿ ತಂತಿ ಜೋಡಿಸುವುದಕ್ಕೆ ಮೆಕ್ಯಾನಿಕ್‌ಗೆ ಒಂದು ಚಹಾ ಕುಡಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಅಷ್ಟೇ ಕೆಲಸ. ಇಷ್ಟು ವರ್ಷ ಮಾಡದೇ ಇದ್ದದ್ದು ಅಷ್ಟೇ ಕೆಲಸ.

"ಪರೀಕ್ಷೆ ಮಾಡಬೇಕು," ಎಂದ ಅವನು. ಸಿಡುಕಿ ಮುಂದೆ ಬಂದಳು. ತಂಗಿ ಅವಳನ್ನು ಪಕ್ಕಕ್ಕೆ ಸರಿಸಿದಳು. ರೋಲರ್ ತಿರುಗುತ್ತಿತ್ತು, ಅದೇ ಬಿಸಿ, ಅದೇ ಸದ್ದು. ತಂಗಿ ಬಲಗೈ ಚಾಚಿ, ಉಳಿದಿದ್ದ ಎರಡು ಬೆರಳಲ್ಲಿ ಸರಳನ್ನು ಮೆಲ್ಲಗೆ ಮುಟ್ಟಿದಳು.

ರೋಲರ್ ನಿಂತಿತು.

ತಂಗಿ ಮಾಲೀಕನ ಕಡೆ ತಿರುಗಿದಳು.

"ಅವತ್ತೂ ನಿಲ್ತಿತ್ತು," ಎಂದಳು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಯಾರಾದರೂ ಓದಿ ಹೇಳುವುದನ್ನು ಕೂತು ಕೇಳುತ್ತಿರುವವರೇ, ನೀವು ದುಡಿಯುವ ಜಾಗದಲ್ಲೂ ಒಂದು ಸರಳು ಬಿಚ್ಚಿರಬಹುದು. ನಾಳೆ ಹೋಗಿ ನೋಡಿ, ಅದರ ಮೇಲೆ ಯಾರ ಕೋಟು ತೂಗುತ್ತಿದೆ ಎಂದು. ಕಂಡರೆ ಸಿಟ್ಟು ಬರಲಿ. ಬರಲೇಬೇಕು. ಆದರೆ ಆ ಸಿಟ್ಟನ್ನು ಬಸ್ಸಿನಲ್ಲಿ ಕೂತವರ ಮೇಲೆ, ನಿಮ್ಮಂತೆಯೇ ಹೊಟ್ಟೆಪಾಡಿಗೆ ಬಂದ ಹುಡುಗಿಯ ಮೇಲೆ ಸುರಿದು ಖಾಲಿ ಮಾಡಬೇಡಿ. ಒಟ್ಟಿಗೆ ಕೂತು ಕೇಳಿಕೊಳ್ಳಿ: ನಮಗೆ ಬೇಕಾದ್ದು ಏನು, ಅದನ್ನು ಕೊಡಬಲ್ಲವನು ಯಾರು, ಅವನ ಮೂಗು ಎಲ್ಲಿದೆ? ಒಂದು ದಾರಿ ಮುಚ್ಚಿದರೆ ನಾಚಿಕೆಪಡದೆ ಇನ್ನೊಂದು ಹಿಡಿಯಿರಿ. ಮೂರು ಬೆರಳು ಹೋಗುವವರೆಗೆ ಕಾಯಬೇಡಿ. ಆ ಬೆರಳುಗಳು ಇವತ್ತಿಗೂ ವಾಪಸ್ ಬಂದಿಲ್ಲ.